ಲಾಬ್‌ಸ್ಟರ್‌ಗಾಗಿ ಅಸೆಂಬ್ಲಿ ಮೆಟ್ಟಿಲು ಹತ್ತಿದ್ದು

ಕಲ್ಲಿನ ಸಂದಿಯಲ್ಲಿ ಮೊದಲು ಕಂಡಿದ್ದು ಎರಡು ಮೀಸೆ. ಟಾರ್ಚನ್ನು ಸ್ವಲ್ಪ ಓರೆ ಮಾಡಿದೆ. ಒಳಗೆ ಕಪ್ಪು ಹಸಿರಿನ ದಪ್ಪ ಇಕ್ಕಳ, ಅದರ ಹಿಂದೆ ಕಾಳುಮೆಣಸಿನಂಥ ಎರಡು ಕಣ್ಣು. ಒಂದೂವರೆ ಪೌಂಡಿಗೆ ಕಮ್ಮಿ ಇಲ್ಲ ಅಂತ ನೋಡಿದ ಕೂಡಲೇ ಗೊತ್ತಾಯಿತು. ಒಂದು ಮೊಳ ದೂರ ಅಷ್ಟೇ. ನಾನು ಕೈ ಚಾಚಲಿಲ್ಲ. ಅದೂ ಓಡಲಿಲ್ಲ. ಇಬ್ಬರೂ ಒಂದು ನಿಮಿಷ ಮುಖ ಮುಖ ನೋಡಿಕೊಂಡು ಇದ್ದೆವು.

ಇದು ನಡೆದಿದ್ದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ರೈ ಎಂಬ ಊರಿನ ತೀರದಲ್ಲಿ. ಈ ರಾಜ್ಯದಲ್ಲಿ ನೀರಿಗೆ ಮುಳುಗಿ ಲಾಬ್‌ಸ್ಟರ್, ಅಂದರೆ ನಮ್ಮ ಸಿಗಡಿಯ ಈ ದೊಡ್ಡ ನೆಂಟನನ್ನು, ಹಿಡಿಯುವುದು ಅಪರಾಧ. ಅಲ್ಲಿಂದ ಅರ್ಧ ಗಂಟೆ ದಕ್ಷಿಣಕ್ಕೆ ಕಾರು ಓಡಿಸಿದರೆ ಮ್ಯಾಸಚೂಸೆಟ್ಸ್. ಅಲ್ಲಿ ಪರ್ಮಿಟ್ ಇದ್ದವರು ಇದೇ ಜಾತಿಯ ಲಾಬ್‌ಸ್ಟರನ್ನು ಕೈಯಲ್ಲೇ ಹಿಡಿಯಬಹುದು, ದಿನಕ್ಕೆ 15ರ ತನಕ. ಉತ್ತರಕ್ಕೆ ಹೋದರೆ ಮೇನ್. ಅಲ್ಲಿ ಮತ್ತೆ ನಿಷೇಧ, ಬೋನಿನಲ್ಲಿ ಬಿದ್ದರೆ ಮಾತ್ರ ಸರಿ. ಲಾಬ್‌ಸ್ಟರ್‌ಗೆ ರಾಜ್ಯದ ಗಡಿ ಎಲ್ಲಿ ಗೊತ್ತು?

ನಾನು ಕುಮಟಾ ಕಡೆಯವನು. ಅಘನಾಶಿನಿ ನದಿಯ ಅಳಿವೆಯಲ್ಲಿ ಇಳಿತ ಆದಾಗ ಅಜ್ಜಿ ಮಂಡಿಯುದ್ದ ನೀರಲ್ಲಿ ನಿಂತು, ಕಾಲಲ್ಲೇ ತಡಕಿ ಬಳಚು, ಅಂದರೆ ತಿನ್ನುವ ಚಿಪ್ಪಿ, ಎತ್ತುತ್ತಿದ್ದಳು. ಬುಟ್ಟಿ ಹಿಡಿದುಕೊಳ್ಳುವುದು ನನ್ನ ಕೆಲಸ. ಕೈಯಲ್ಲಿ ಹಿಡಿದು ತಿನ್ನುವುದು ನನಗೆ ಹೊಸದೇನಲ್ಲ. ಆದರೆ ಸ್ಕೂಬಾ ಕಲಿತಿದ್ದು ಅಮೆರಿಕಕ್ಕೆ ಬಂದ ಮೇಲೆ. ಆಗ ಮ್ಯಾಸಚೂಸೆಟ್ಸ್‌ನ ಲೋವೆಲ್‌ನಲ್ಲಿ ಬಾಡಿಗೆ ಮನೆ. ಆಫೀಸಿನ ಗೆಳೆಯನೊಬ್ಬ ಒಂದು ಭಾನುವಾರ ಕೇಪ್ ಆ್ಯನ್‌ನ ಫಾಲಿ ಕೋವ್‌ಗೆ ಕರೆದುಕೊಂಡು ಹೋದ. ಅವತ್ತು ಹತ್ತಿದ ಹುಚ್ಚು ಇನ್ನೂ ಬಿಟ್ಟಿಲ್ಲ.

ಅಲ್ಲಿನ ನೀರು ನಮ್ಮ ಮುರುಡೇಶ್ವರದ ನೇತ್ರಾಣಿಯ ಹಾಗಲ್ಲ. ಆಗಸ್ಟ್‌ನಲ್ಲೂ ತಳದಲ್ಲಿ ಹಲ್ಲು ಕಟಕಟ ಅನ್ನುತ್ತದೆ. ಏಳು ಮಿಲಿಮೀಟರ್ ದಪ್ಪದ ರಬ್ಬರ್ ಸೂಟು, ತಲೆಗೆ ಟೊಪ್ಪಿ, ಕೈಗೆ ದಪ್ಪ ಗ್ಲೌಸು. ಇಷ್ಟೆಲ್ಲ ಹಾಕಿಕೊಂಡು ಕಲ್ಲುಗಳ ಮೇಲೆ ನಡೆದು ನೀರಿಗೆ ಇಳಿಯುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತದೆ. ಸ್ಪಷ್ಟವಾಗಿ ಕಾಣುವುದು ಹದಿನೈದಿಪ್ಪತ್ತು ಅಡಿ. ಅಷ್ಟರಲ್ಲಿ ಲಾಬ್‌ಸ್ಟರ್ ಹುಡುಕಬೇಕು. ಹಗಲಲ್ಲಿ ಅವು ಕಲ್ಲಿನ ಅಡಿ ಬಿಲ ಮಾಡಿಕೊಂಡು ಕೂತಿರುತ್ತವೆ. ರಾತ್ರಿ ಆರಾಮಾಗಿ ಹೊರಗೆ ಓಡಾಡುತ್ತವೆ, ಆದರೆ ರಾತ್ರಿ ಮುಳುಗಿ ಹಿಡಿಯುವ ಹಾಗಿಲ್ಲ, ಅದೂ ಕಾನೂನೇ.

ಹಿಡಿಯುವುದರಲ್ಲಿ ಒಂದು ಉಪಾಯ ಇದೆ. ಲಾಬ್‌ಸ್ಟರ್ ಮುಂದಕ್ಕೆ ನಿಧಾನ ನಡೆಯುತ್ತದೆ, ಗಾಬರಿಯಾದರೆ ಬಾಲ ಮಡಿಚಿ ಹಿಂದಕ್ಕೆ ಚಿಮ್ಮುತ್ತದೆ. ಅದಕ್ಕೇ ಒಂದು ಸಣ್ಣ ಕೋಲಿನಿಂದ ಹಿಂದಿನಿಂದ ಮೆಲ್ಲಗೆ ಮುಟ್ಟಬೇಕು. ಏನಪ್ಪಾ ಇದು ಅಂತ ತಾನಾಗೇ ಮುಂದೆ ಬರುತ್ತದೆ. ಆಗ ಇಕ್ಕಳದ ಹಿಂದೆ, ಬೆನ್ನಿನ ಚಿಪ್ಪಿಗೆ ಕೈ ಹಾಕಬೇಕು. ಎರಡು ಇಕ್ಕಳವೂ ಒಂದೇ ಥರ ಇರುವುದಿಲ್ಲ. ಒಂದು ದಪ್ಪ, ಚಿಪ್ಪು ಪುಡಿ ಮಾಡುವುದಕ್ಕೆ. ಇನ್ನೊಂದು ಸಪೂರ, ಹರಿಯುವುದಕ್ಕೆ. ದಪ್ಪದ್ದಕ್ಕೆ ನನ್ನ ಹೆಬ್ಬೆರಳು ಒಮ್ಮೆ ಸಿಕ್ಕಿತ್ತು. ಗ್ಲೌಸ್ ಇದ್ದರೂ ಉಗುರು ಎರಡು ತಿಂಗಳು ನೀಲಿ.

ಹಿಡಿದ ಮೇಲೂ ಅದು ನಮ್ಮದಲ್ಲ. ಸೊಂಟಕ್ಕೆ ಕಟ್ಟಿಕೊಂಡ ಹಿತ್ತಾಳೆಯ ಗೇಜು ತೆಗೆದು ಅಳೆಯಬೇಕು. ಕಣ್ಣಿನ ಗುಳಿಯ ಹಿಂಬದಿಯಿಂದ ಬೆನ್ನಿನ ಚಿಪ್ಪು ಮುಗಿಯುವ ತನಕ ಮೂರೂಕಾಲು ಇಂಚು ಇರಬೇಕು. ಐದು ಇಂಚು ದಾಟಿರಬಾರದು. ಅಷ್ಟು ದೊಡ್ಡವು ಸಂತಾನಕ್ಕೆ ಬೇಕು, ಬಿಡಬೇಕು. ಹೊಟ್ಟೆಯಡಿ ಮೊಟ್ಟೆ ಇದ್ದರೆ ಬಿಡಬೇಕು. ಬಾಲದ ರೆಕ್ಕೆಯಲ್ಲಿ ವಿ ಆಕಾರದ ಕಚ್ಚು ಇದ್ದರೂ ಬಿಡಬೇಕು. ಮೊಟ್ಟೆ ಹೊತ್ತ ಹೆಣ್ಣು ಬೋನಿಗೆ ಬಿದ್ದರೆ ಮೀನುಗಾರರು ಆ ಕಚ್ಚು ಹಾಕಿ ವಾಪಸ್ ಬಿಡುತ್ತಾರೆ. ಮುಂದೆ ಅದು ಯಾರ ಕೈಗೆ ಸಿಕ್ಕಿದರೂ, ಮೊಟ್ಟೆ ಇಲ್ಲದಿದ್ದರೂ, ಇದು ತಾಯಿ ಅಂತ ಗೊತ್ತಾಗಲಿ ಅಂತ. ಮೂರೂಕಾಲು ಇಂಚು ಆಗುವುದಕ್ಕೆ ಒಂದು ಲಾಬ್‌ಸ್ಟರ್‌ಗೆ ಐದರಿಂದ ಏಳು ವರ್ಷ ಬೇಕು. ನನ್ನ ಮಗಳು ಯುಕೆಜಿಗೆ ಹೋಗುವ ಹೊತ್ತಿಗೆ ಅವಳ ಓರಗೆಯದ್ದು ನಮ್ಮ ತಟ್ಟೆಗೆ ಬರುತ್ತಿತ್ತು ಅಂತ ಲೆಕ್ಕ.

ಆಮೇಲೆ ನಾವು ನ್ಯೂ ಹ್ಯಾಂಪ್‌ಶೈರ್‌ನ ನಾಶುವಾಗೆ ಬಂದೆವು. ಕಾರಣ ಎಲ್ಲ ಇಂಡಿಯನ್ನರದ್ದೂ ಒಂದೇ. ಸಂಬಳದ ಮೇಲೆ ರಾಜ್ಯದ ತೆರಿಗೆ ಇಲ್ಲ, ಅಂಗಡಿಯಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ, ಮನೆ ಸ್ವಲ್ಪ ಅಗ್ಗ. ಸಮುದ್ರವೂ ಇದೆ ಅಂತ ಖುಷಿಪಟ್ಟಿದ್ದೆ. ಸಮುದ್ರ ಇದೆ, ಬರೀ 18 ಮೈಲಿ. ಕಡಲಿರುವ ಅಮೆರಿಕದ ರಾಜ್ಯಗಳಲ್ಲೇ ಅತಿ ಸಣ್ಣ ತೀರ. ಆ 18 ಮೈಲಿಯಲ್ಲೇ ಈ ಕಾನೂನು.

ನಿಯಮಗಳ ಪುಸ್ತಕ ತೆಗೆದು ಓದಿದೆ. ಹವ್ಯಾಸಕ್ಕೆ ಹಿಡಿಯುವ ಸ್ಥಳೀಯರು ಐದು ಬೋನು ಇಡಬಹುದು. ಮುಳುಗಿ ಹಿಡಿಯುವ ಹಾಗಿಲ್ಲ. ಫೋನಲ್ಲಿ ಅಪ್ಪನಿಗೆ ಹೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ. ‘ನೀರಲ್ಲಿ ಇರೋದನ್ನ ಹಿಡೂಕೆ ಯಾರ ಪರ್ಮಿಶನ್ನೋ ಮಾರಾಯಾ?’ ಅಂದರು. ನಮ್ಮಲ್ಲೂ ಜೂನ್, ಜುಲೈ ಎರಡು ತಿಂಗಳು ಬೋಟಿಗೆ ನಿಷೇಧ ಇಲ್ಲವಾ ಅಂದೆ. ‘ಅದು ಬೋಟಿಗೆ. ಕೈಗೆಂತಕ್ಕೆ?’ ಅಂದರು. ಉತ್ತರ ಹೊಳೆಯಲಿಲ್ಲ. ಉತ್ತರ ಸಿಕ್ಕಿದ್ದು ತುಂಬ ತಡವಾಗಿ, ಬೇರೆಯವರ ಬಾಯಿಂದ.

ನ್ಯೂ ಹ್ಯಾಂಪ್‌ಶೈರ್‌ನ ವಿಧಾನಮಂಡಲ ವಿಚಿತ್ರದ್ದು. ಹೆಸರು ‘ಜನರಲ್ ಕೋರ್ಟ್’. ನ್ಯಾಯಾಲಯ ಅಲ್ಲ, ಹಳೇ ಕಾಲದ ಹೆಸರು ಹಾಗೇ ಉಳಿದಿದೆ. ಕೆಳಮನೆಯಲ್ಲಿ 400 ಸದಸ್ಯರು. ಇಡೀ ರಾಜ್ಯದ ಜನಸಂಖ್ಯೆ ಸುಮಾರು 14 ಲಕ್ಷ. ಕರ್ನಾಟಕದ ವಿಧಾನಸಭೆಗೆ 224 ಜನ ಅನ್ನುವುದನ್ನು ನೆನಪಿಸಿಕೊಳ್ಳಿ. ಇಲ್ಲಿ ಮೂರೂವರೆ ಸಾವಿರ ಜನಕ್ಕೆ ಒಬ್ಬ ಎಂಎಲ್‌ಎ ಇದ್ದ ಹಾಗಾಯಿತು. ಸಂಬಳ ವರ್ಷಕ್ಕೆ 100 ಡಾಲರ್. ತಪ್ಪು ಓದಲಿಲ್ಲ, ತಿಂಗಳಿಗಲ್ಲ, ವರ್ಷಕ್ಕೆ. ಹಾಗಾಗಿ ಸದಸ್ಯರಲ್ಲಿ ರಿಟೈರ್ ಆದವರೇ ಜಾಸ್ತಿ. ಕಾರಿನ ನಂಬರ್ ಪ್ಲೇಟಿನಲ್ಲಿ ಮಾತ್ರ ಅವರ ಸೀಟಿನ ನಂಬರು ಇರುತ್ತದೆ. ಸಿಗುವ ದೊಡ್ಡ ಮರ್ಯಾದೆ ಅದೇ ಇರಬೇಕು.

ನಮ್ಮ ವಾರ್ಡಿನ ಸದಸ್ಯರಿಗೆ ಒಂದು ಮೇಲ್ ಹಾಕಿದೆ. ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಎರಡು ದಿನ ಬಿಟ್ಟು ರಾತ್ರಿ ಎಂಟಕ್ಕೆ ಫೋನ್. ಪಿಎ ಅಲ್ಲ, ಸೆಕ್ರೆಟರಿ ಅಲ್ಲ, ಅವರೇ. ರಿಟೈರ್ಡ್ ಮೇಷ್ಟ್ರು. ‘ನಾನು ಈಜುವುದೇ ಇಲ್ಲ. ನನಗೆ ಅರ್ಥವಾಗುವ ಹಾಗೆ ಒಂದು ಪುಟದಲ್ಲಿ ಬರೆದು ಕಳಿಸಿ’ ಅಂದರು. ನಾನು ಇನ್ನೂ ಗ್ರೀನ್ ಕಾರ್ಡಿನವನು, ನನಗೆ ವೋಟಿಲ್ಲ ಅಂತ ಮೊದಲೇ ಹೇಳಿಬಿಟ್ಟೆ. ‘ಫೋನಿದೆಯಲ್ಲ’ ಅಂದರು.

ಆಗ ತಿಳಿದದ್ದು, ಇದೇ ವಿಷಯಕ್ಕೆ ತೀರದ ಕಡೆಯ ಡೈವರ್‌ಗಳು ಆಗಲೇ ಇನ್ನೊಬ್ಬ ಸದಸ್ಯರನ್ನು ಹಿಡಿದಿದ್ದರು. ಬಿಲ್ ಅಂದರೆ ಸದಸ್ಯರು ಸೀದಾ ಬರೆದು ಮಂಡಿಸುವುದಲ್ಲ. ಮೊದಲು ಹೀಗೊಂದು ಬಿಲ್ ಬೇಕು ಅಂತ ಒಂದು ಕೋರಿಕೆ ಸಲ್ಲಿಸಬೇಕು. ಅದಕ್ಕೆ ಎಲ್ಎಸ್ಆರ್ ಅನ್ನುತ್ತಾರೆ. ಆಮೇಲೆ ವಿಧಾನಮಂಡಲದ ವಕೀಲರು ಕೂತು ಕಾನೂನಿನ ಭಾಷೆಯಲ್ಲಿ ಬರೆಯುತ್ತಾರೆ. ನಮ್ಮದು ಎರಡು ಪುಟವೂ ಆಗಲಿಲ್ಲ. ಲೈಸೆನ್ಸ್ ತೆಗೆದುಕೊಂಡ ಡೈವರ್ ಕೈಯಿಂದ ಇಂತಿಷ್ಟು ಲಾಬ್‌ಸ್ಟರ್ ಹಿಡಿಯಬಹುದು, ಚುಚ್ಚುವ ಸಲಕರಣೆ ಬಳಸುವ ಹಾಗಿಲ್ಲ, ಅಳತೆಯ ನಿಯಮ ಎಲ್ಲರಿಗೂ ಇದ್ದಿದ್ದೇ. ಇಷ್ಟು ಬರೆಯುವುದಕ್ಕೆ ನಾವು ಡೈವರ್‌ಗಳು ಮೂರು ವಾರ ಕಿತ್ತಾಡಿದೆವು. ದಿನಕ್ಕೆ ಎಷ್ಟು ಅನ್ನುವುದೇ ಜಗಳ. ಮ್ಯಾಸಚೂಸೆಟ್ಸ್‌ನ ಹಾಗೆ 15 ಕೇಳೋಣ ಅಂತ ಕೆಲವರು. ರೋಡ್ ಐಲೆಂಡ್‌ನಲ್ಲಿ ಡೈವರ್‌ಗೆ 8 ಇದೆ, ಅಷ್ಟು ಸಾಕು ಅಂತ ಕೆಲವರು. ಒಂದು ಪೌಂಡಿನದ್ದು ಎರಡು ಸಿಕ್ಕಿದರೆ ನಮ್ಮ ಮನೆಗೆ ಹಬ್ಬ. ನಾನು ಸುಮ್ಮನಿದ್ದೆ.

ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಮಂಡನೆಯಾದ ಪ್ರತಿ ಬಿಲ್ಲಿಗೂ ಸಾರ್ವಜನಿಕ ವಿಚಾರಣೆ ಆಗಲೇಬೇಕು. ಕಮಿಟಿಯಿಂದ ಅದು ಹೊರಗೆ ಬರಲೇಬೇಕು, ಸದನದಲ್ಲಿ ಅದರ ತೀರ್ಮಾನ ಆಗಲೇಬೇಕು. ಬೇಡದ ಬಿಲ್ಲನ್ನು ಡ್ರಾಯರ್‌ನಲ್ಲಿಟ್ಟು ಕೊಳೆಸುವ ಹಾಗಿಲ್ಲ. ಕೊಲ್ಲುವುದಾದರೂ ಎಲ್ಲರೆದುರು ಕೊಲ್ಲಬೇಕು.

ವಿಚಾರಣೆ ಜನವರಿಯಲ್ಲಿ. ಆಫೀಸಿಗೆ ಅರ್ಧ ದಿನ ರಜೆ ಹಾಕಿದೆ. ನಾಶುವಾದಿಂದ ರಾಜಧಾನಿ ಕಾಂಕಾರ್ಡ್‌ಗೆ ನಲವತ್ತು ನಿಮಿಷದ ದಾರಿ. ಹಿಂದಿನ ರಾತ್ರಿ ಹಿಮ ಬಿದ್ದಿತ್ತು. ಬಂಗಾರದ ಬಣ್ಣದ ಗುಮ್ಮಟದ ಸ್ಟೇಟ್ ಹೌಸ್, 1819ರದ್ದು. ಹಿಂದಿನ ರಸ್ತೆ ದಾಟಿದರೆ ಶಾಸಕರ ಕಚೇರಿ ಕಟ್ಟಡ. ವಿಧಾನಸೌಧಕ್ಕೆ ಹೋದಾಗಿನ ಪಾಸು, ಪರಿಚಯದವರ ಫೋನು, ಗೇಟಿನಲ್ಲಿ ಕಾಯುವುದು ಇವೆಲ್ಲ ತಲೆಯಲ್ಲಿತ್ತು. ಇಲ್ಲಿ ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ. ಕೇಳದಿದ್ದಕ್ಕೇ ಸ್ವಲ್ಪ ಭಯವಾಯಿತು.

ಕಮಿಟಿಯ ಹೆಸರು ಫಿಶ್ ಆ್ಯಂಡ್ ಗೇಮ್ ಆ್ಯಂಡ್ ಮರೀನ್ ರಿಸೋರ್ಸಸ್. ಬಾಗಿಲ ಹತ್ತಿರದ ಮೇಜಿನ ಮೇಲೆ ಗುಲಾಬಿ ಬಣ್ಣದ ಚೀಟಿಗಳು. ಮಾತಾಡುವವರು ತುಂಬಬೇಕು. ಹೆಸರು, ಊರು, ಬಿಲ್ಲಿನ ನಂಬರು, ಪರವೋ ವಿರೋಧವೋ. ಯಾರ ಪರವಾಗಿ ಬಂದಿದ್ದೀರಿ ಅಂತ ಒಂದು ಖಾಲಿ ಗೆರೆ. ಪೆನ್ನು ಅಲ್ಲಿ ನಿಂತಿತು. ನನ್ನ ಹಿಂದೆ ಸಾಲು ಬೆಳೆಯುತ್ತಿತ್ತು. ‘ನಾನೇ’ ಅಂತ ಬರೆದು ಕೊಟ್ಟೆ.

ಒಳಗೆ ಹೋಗಿ ನೋಡಿದರೆ ನಮ್ಮ ಕಡೆ ಒಂಬತ್ತು ಜನ. ಆ ಕಡೆ ಗೋಡೆಯುದ್ದಕ್ಕೂ ಲಾಬ್‌ಸ್ಟರ್ ಹಿಡಿಯುವವರು, ಕೂರಲು ಜಾಗವಿಲ್ಲದೆ ನಿಂತಿದ್ದಾರೆ. ಸೀಬ್ರೂಕ್, ಹ್ಯಾಂಪ್ಟನ್, ಪೋರ್ಟ್ಸ್‌ಮತ್ ಕಡೆಯವರು. ಅಪ್ಪ, ಮಗ, ಒಬ್ಬರು ಅಜ್ಜ ಕೂಡ. ಅವರ ಕೈಗಳನ್ನು ನೋಡಿದೆ. ಬೆರಳ ಗೆಣ್ಣುಗಳು ಊದಿಕೊಂಡು, ಉಪ್ಪು ನೀರಿಗೆ ಒಡೆದು, ನಮ್ಮೂರಿನ ಬಲೆ ಎಳೆಯುವವರ ಕೈಗಳೇ. ಅರ್ಧ ದಿನ ರಜೆ ಹಾಕಿ ಬಂದ ನನಗೆ ಒಂಥರಾ ಆಯಿತು. ಅವರೂ ಅವತ್ತಿನ ಕೆಲಸ ಬಿಟ್ಟು ಬಂದಿದ್ದರು, ಆದರೆ ಅವರಿಗೆ ರಜೆಯ ಸಂಬಳ ಯಾರು ಕೊಡುತ್ತಾರೆ?

ಕಮಿಟಿಯಲ್ಲಿ ಒಬ್ಬರು ಅಜ್ಜಿ ಸ್ವೆಟರ್ ಹೆಣೆಯುತ್ತಾ ಕೂತಿದ್ದರು. ಕೇಳಿಸಿಕೊಳ್ಳುತ್ತಿಲ್ಲ ಅಂದುಕೊಂಡೆ. ಎಲ್ಲರಿಗಿಂತ ಚುರುಕಾದ ಪ್ರಶ್ನೆ ಅವರದ್ದೇ ಬಂತು ಆಮೇಲೆ.

ಬಿಲ್ ತಂದ ಸದಸ್ಯರು ಮೊದಲು ಮಾತಾಡಿದರು. ಪಕ್ಕದ ರಾಜ್ಯದಲ್ಲಿ ಇದೆ, ಕ್ಯಾಲಿಫೋರ್ನಿಯಾದಲ್ಲಿ ಡೈವರ್ ಕೈಯಿಂದ ಮಾತ್ರ ಹಿಡಿಯಬೇಕು ಅಂತ ಇದೆ, ನಮ್ಮಲ್ಲೇಕೆ ಬೇಡ, ಇಷ್ಟು. ಆಮೇಲೆ ನಮ್ಮವರು ಇಬ್ಬರು. ಮೂರನೆಯವನು ನಾನು. ಸಮಯ ಮೂರು ನಿಮಿಷ.

ನಾನು ಒಂದು ಒಳ್ಳೆಯ ಅಸ್ತ್ರ ತಂದಿದ್ದೆ, ಅಥವಾ ಹಾಗಂದುಕೊಂಡಿದ್ದೆ. ಅದನ್ನು ಹೇಳುವ ಮೊದಲು ಬೋನಿನ ವಿಷಯ ಗೊತ್ತಿರಬೇಕು. ಇಲ್ಲಿನ ಬೋನು ಅಂದರೆ ಪ್ಲಾಸ್ಟಿಕ್ ಲೇಪದ ತಂತಿಯ ಉದ್ದನೆಯ ಪೆಟ್ಟಿಗೆ. ಒಳಗೆ ಎರಡು ಕೋಣೆ. ಮೊದಲನೆಯದಕ್ಕೆ ಅಡುಗೆಮನೆ ಅಂತಲೇ ಹೆಸರು, ಅಲ್ಲಿ ಮೀನಿನ ತುಂಡು ಕಟ್ಟಿರುತ್ತಾರೆ. ಸಾಮಾನ್ಯವಾಗಿ ಹೆರಿಂಗ್, ನಮ್ಮ ತಾರ್ಲೆ ಮೀನಿನ ನೆಂಟ. ತಿಂದು ಹೊರಡುವ ಲಾಬ್‌ಸ್ಟರ್ ದಾರಿ ತಪ್ಪಿ ಎರಡನೇ ಕೋಣೆಗೆ ಹೋಗುತ್ತದೆ. ಅದರ ಹೆಸರು ಪಾರ್ಲರ್, ನಮ್ಮ ಪಡಸಾಲೆ ಅನ್ನಿ. ಅಲ್ಲಿಂದ ಹೊರಗೆ ಬರುವುದು ಕಷ್ಟ. ಸಣ್ಣವು ನುಸುಳಿಕೊಂಡು ಹೋಗಲಿ ಅಂತ ಪಕ್ಕದಲ್ಲಿ ಒಂದು ಕಿಂಡಿ. ಬೋನು ಕಳೆದುಹೋದರೆ ಒಳಗಿದ್ದವು ಸಾಯಬಾರದು ಅಂತ, ಕಾಲಕ್ರಮೇಣ ಕರಗಿ ಬಿದ್ದು ದಾರಿ ಬಿಡುವ ಇನ್ನೊಂದು ಬಾಗಿಲು. ಬೋನಿಗೆ ಹಗ್ಗದಿಂದ ಕಟ್ಟಿ ಮೇಲೆ ತೇಲಿಬಿಟ್ಟ ಬುರುಡೆಗೆ ಮಾಲೀಕನದ್ದೇ ಬಣ್ಣ. ಯಾರದ್ದು ಅಂತ ದೂರದಿಂದಲೇ ಗುರುತು ಸಿಗುತ್ತದೆ.

ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದವರು ಇಂಥ ಬೋನಿಗೆ ಕ್ಯಾಮೆರಾ ಕಟ್ಟಿ ಇದೇ ತೀರದ ತಳದಲ್ಲಿ ಬಿಟ್ಟಿದ್ದರು. 2001ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಬೋನಿನ ಒಳಗೆ ಬಂದ ಲಾಬ್‌ಸ್ಟರ್‌ಗಳಲ್ಲಿ ಶೇಕಡಾ 94 ತಪ್ಪಿಸಿಕೊಂಡು ಹೋಗಿದ್ದವು. ಸಿಕ್ಕಿಬಿದ್ದದ್ದು ಬರೀ ಆರು.

ನಾನು ಇದನ್ನು ಜೋರಾಗಿ ಹೇಳಿದೆ. ನೋಡಿ, ಬೋನಿಗೆ ಸಿಗುವುದು ನೂರರಲ್ಲಿ ಆರು. ಕೆಳಗೆ ಎಷ್ಟಿವೆ ಅಂತ ಇದರಲ್ಲೇ ಗೊತ್ತಾಗುತ್ತದೆ. ನಾವು ನಾಲ್ಕು ಜನ ಡೈವರ್‌ಗಳು ನಾಲ್ಕು ಹಿಡಿದರೆ ಯಾರ ಊಟ ಕಮ್ಮಿಯಾಗುತ್ತದೆ? ಅಂತ ಮುಗಿಸಿದೆ. ಎರಡೂವರೆ ನಿಮಿಷ ಆಗಿತ್ತು. ಚೆನ್ನಾಗಿ ಹೇಳಿದೆ ಅಂತ ನನಗೇ ಅನಿಸಿತು.

ಸ್ವೆಟರ್ ಅಜ್ಜಿ ಸೂಜಿ ಕೆಳಗಿಟ್ಟರು. ‘ಅಂದರೆ ಉಳಿದ 94 ಇವರ ಖರ್ಚಿನಲ್ಲಿ ಊಟ ಮಾಡಿ ಹೋದವು ಅಂತಾಯಿತಲ್ಲ?’ ಅಂದರು.

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನನಗೆ ಏನು ಹೇಳಬೇಕು ಗೊತ್ತಾಗಲಿಲ್ಲ. ಅವರು ಹೇಳಿದ್ದು ಸರಿ ಇತ್ತು. ಈ ಕಡಲಿಗೆ ವರ್ಷ ವರ್ಷ ಬೀಳುವ ಹೆರಿಂಗ್ ಲೆಕ್ಕ ಹಾಕಿದರೆ ಇದು ಹಿಡಿಯುವುದೋ ಸಾಕುವುದೋ ಅಂತ ವಿಜ್ಞಾನಿಗಳೇ ಕೇಳಿದ್ದಾರೆ. ನಂತರ ಮಾತಾಡಿದ ಪ್ರತಿಯೊಬ್ಬ ಮೀನುಗಾರನೂ ನನ್ನ ಅಂಕಿಯನ್ನೇ ಎತ್ತಿಕೊಂಡ. ‘ನಾವು ಮೇವು ಹಾಕುವುದು, ಇವರು ಬಂದು ಕೊಯ್ಲು ಮಾಡುವುದು’ ಅಂತ ಒಬ್ಬರು. ಸಾಕ್ಷಿಗೆ ಹೋಗಿ ಎದುರು ಕಡೆಯವರಿಗೆ ಸಾಕ್ಷಿ ಹೇಳಿ ಬಂದ ಹಾಗಾಯಿತು.

ಆದರೆ ಬಿಲ್ಲನ್ನು ಮುಳುಗಿಸಿದ್ದು ಆ ಅಂಕಿ ಅಲ್ಲ. ಕಾನೂನು ಜಾರಿ ಮಾಡುವ ಅಧಿಕಾರಿಯೊಬ್ಬರು ಬಂದು ಕೂತರು. ದನಿ ಏರಿಸಲಿಲ್ಲ. ಈಗ ಡೈವರ್‌ನ ಚೀಲದಲ್ಲಿ ಲಾಬ್‌ಸ್ಟರ್ ಇದ್ದರೆ ತಪ್ಪು, ಮುಗಿಯಿತು, ಕೇಸ್ ಬರೆಯಬಹುದು. ಈ ಬಿಲ್ ಪಾಸಾದರೆ ಅದೇ ಚೀಲ ನೋಡಿ ಇದು ಬಿಲದಿಂದ ಬಂದದ್ದೋ, ಇನ್ನೊಬ್ಬರ ಬೋನಿನಿಂದ ಬಂದದ್ದೋ ಅಂತ ನಾನು ಹೇಗೆ ಹೇಳಲಿ? ಲಾಬ್‌ಸ್ಟರ್‌ನ ಮೈಮೇಲೆ ಬರೆದಿರುವುದಿಲ್ಲ. ನೀರಿನಡಿ ನಿಲ್ಲಿಸಲು ನನ್ನ ಬಳಿ ಕಾವಲುಗಾರರಿಲ್ಲ. ಇಷ್ಟೇ ಹೇಳಿದ್ದು.

ಕಮಿಟಿಯವರು ಬರೆದುಕೊಳ್ಳುವುದು ಕಂಡಿತು. ಅಪ್ಪನ ‘ಕೈಗೆಂತಕ್ಕೆ’ಗೆ ಇಲ್ಲಿ ಉತ್ತರ ಇತ್ತು. ಕೈಯನ್ನು ಮೇಲಿಂದ ನೋಡುವವರಿಲ್ಲ, ಅದಕ್ಕೆ.

ನನಗೆ ಈಗಲೂ ಆ ವಾದ ಪೂರ್ತಿ ಒಪ್ಪಿಗೆ ಇಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಅದೇ ನೀರಿನಡಿ ಡೈವರ್‌ಗಳೂ ಇದ್ದಾರೆ, ಬೋನುಗಳೂ ಇವೆ. ಡೈವರ್ ತನ್ನ ಪರ್ಮಿಟ್ ನಂಬರನ್ನು ದೊಡ್ಡದಾಗಿ ಬೆನ್ನ ಸಿಲಿಂಡರಿನ ಮೇಲೆ ಬರೆದುಕೊಂಡಿರುತ್ತಾನೆ. ಮೇಲೆ ಬಂದ ತಕ್ಷಣ ಯಾರು ಅಂತ ಬೋಟಿನಿಂದಲೇ ಓದಬಹುದು. ಕಳ್ಳತನ ಮಾಡುವವನಿಗೆ ಈ ನಿಷೇಧ ಒಂದು ಲೆಕ್ಕವೇ? ಅವನು ಈಗಲೂ ಮುಳುಗುತ್ತಾನೆ. ಇದನ್ನೆಲ್ಲ ನಮ್ಮವರೊಬ್ಬರು ಚೆನ್ನಾಗಿಯೇ ಹೇಳಿದರು. ಆದರೆ ಅಷ್ಟೊತ್ತಿಗೆ ಊಟದ ಸಮಯ, ಮುಂದಿನ ಬಿಲ್ಲಿನವರು ಬಾಗಿಲಲ್ಲಿ ನಿಂತಿದ್ದರು.

ಹೊರಗೆ ಕಾರಿಡಾರಿನಲ್ಲಿ ಕಾಫಿ ಯಂತ್ರದ ಹತ್ತಿರ ಒಬ್ಬರು ನನ್ನ ಪಕ್ಕ ಬಂದು ನಿಂತರು. ವಯಸ್ಸು ಅರವತ್ತರ ಮೇಲೆ. ಒಳಗೆ ನನ್ನ ವಿರುದ್ಧ ಮಾತಾಡಿದವರೇ. ‘ಎಲ್ಲಿಯವರು?’ ಅಂದರು. ನಾಶುವಾ ಅಂದೆ. ‘ಅದಕ್ಕೂ ಮೊದಲು?’ ಅಂದರು. ಸಾಮಾನ್ಯವಾಗಿ ಈ ಪ್ರಶ್ನೆ ನನಗೆ ಇಷ್ಟವಾಗುವುದಿಲ್ಲ. ಅವತ್ತು ಯಾಕೋ ಅಜ್ಜಿಯ ಬಳಚಿನ ಕಥೆ ಹೇಳಿದೆ. ಹೇಗೆ ಹುಡುಕುತ್ತಾರೆ ಅಂತ ಕೇಳಿದರು. ಶೂ ಹಾಕಿದ ಕಾಲಲ್ಲೇ ಕಾರ್ಪೆಟ್ ಮೇಲೆ ತಡಕಿ ತೋರಿಸಿದೆ. ಜೋರಾಗಿ ನಕ್ಕರು.

ಆಮೇಲೆ ಫೋನ್ ತೆಗೆದು ಒಂದು ಫೋಟೋ ತೋರಿಸಿದರು. ಅವರ ಬೋನು. ಬಾಗಿಲಿನ ರಬ್ಬರ್ ಪಟ್ಟಿಯನ್ನು ಯಾರೋ ಬಿಚ್ಚಿ, ಮತ್ತೆ ಹಾಕುವಾಗ ಕೊಕ್ಕೆಯನ್ನು ಉಲ್ಟಾ ಸಿಕ್ಕಿಸಿದ್ದರು. ‘ನಾನು ನಲವತ್ತು ವರ್ಷದಿಂದ ಈ ಕೊಕ್ಕೆ ಹಾಕುತ್ತಿದ್ದೇನೆ. ಒಂದು ದಿನವೂ ಈ ಕಡೆಯಿಂದ ಹಾಕಿಲ್ಲ’ ಅಂದರು. ಬೋಟಿನವನು ಕದ್ದರೆ ಹಗ್ಗ ಎಳೆದು ಮೇಲೆ ತರಬೇಕು, ಎಲ್ಲರಿಗೂ ಕಾಣುತ್ತದೆ. ಮುಳುಗಿದವನು ಅಲ್ಲೇ ಬಿಚ್ಚಿ ಅಲ್ಲೇ ಮುಚ್ಚುತ್ತಾನೆ. ‘ನೀವು ಅಂತ ನಾನು ಹೇಳುತ್ತಿಲ್ಲ. ಆದರೆ ಮುಖಕ್ಕೆ ಮಾಸ್ಕ್ ಹಾಕಿದ ಮೇಲೆ ನೀವೂ ಅವನೂ ನನಗೆ ಒಂದೇ ಥರ ಕಾಣುತ್ತೀರಿ.’

ಆ ಉಲ್ಟಾ ಕೊಕ್ಕೆಯನ್ನು ನಾನು ಇನ್ನೂ ಮರೆತಿಲ್ಲ. ನನ್ನ ಒಂದು ಪುಟದಲ್ಲಿ ಅಳತೆ, ಸಂಖ್ಯೆ, ಪಕ್ಕದ ರಾಜ್ಯ ಎಲ್ಲ ಇತ್ತು. ಕೊಕ್ಕೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಒಂದೇ ಒಂದು ದಿನ ಜೆಟ್ಟಿಗೆ ಹೋಗಿ ಇಂಥವರ ಜತೆ ಕಾಫಿ ಕುಡಿದಿದ್ದರೆ ಬಿಲ್ಲನ್ನೇ ಬೇರೆ ಥರ ಬರೆಯಬಹುದಿತ್ತು. ಬೋನಿನಿಂದ ಇಷ್ಟು ಅಡಿ ದೂರ ಇರಬೇಕು, ಮೇಲೆ ಬಾವುಟ ಇರಬೇಕು, ಇಂಥ ದಿನ ಮಾತ್ರ, ಸಿಲಿಂಡರಿನ ಮೇಲೆ ನಂಬರು. ಆಗಲೂ ಬಹುಶಃ ಬೇಡ ಅನ್ನುತ್ತಿದ್ದರು. ಆದರೆ ಕೇಳಿ ಬೇಡ ಅನ್ನಿಸಿಕೊಳ್ಳುವುದೇ ಬೇರೆ ಅಲ್ವಾ?

ಉಳಿದದ್ದು ಬೇಗ ಮುಗಿಯಿತು. ಕೆಲವು ವಾರ ಬಿಟ್ಟು ಕಮಿಟಿ ಮತ ಹಾಕಿತು. ಆ ದಿನವೂ ಜನ ಹೋಗಿ ಕೂರಬಹುದು, ಮಾತಾಡುವ ಹಾಗಿಲ್ಲ. ನಾನು ಹೋಗಲಿಲ್ಲ, ಆಫೀಸಿನಲ್ಲಿ ಕಂಪ್ಯೂಟರಿನ ಮೂಲೆಯಲ್ಲಿ ಲೈವ್ ಹಾಕಿಕೊಂಡಿದ್ದೆ. ಇಲ್ಲಿ ಬಿಲ್ಲಿಗೆ ಬೇಡ ಅನ್ನುವುದಕ್ಕೆ ಒಂದು ವಿಶೇಷ ಮಾತಿದೆ, ‘ಇನ್‌ಎಕ್ಸ್‌ಪೀಡಿಯೆಂಟ್ ಟು ಲೆಜಿಸ್ಲೇಟ್’. ಕಾನೂನು ಮಾಡುವುದು ಈಗ ಸೂಕ್ತವಲ್ಲ ಅಂತ. ಸತ್ತರು ಅನ್ನುವ ಬದಲು ತೀರಿಕೊಂಡರು ಅಂದ ಹಾಗೆ. ಬಹುಮತ ಆ ಕಡೆಗೇ ಬಿತ್ತು. ಸದನದಲ್ಲೂ ಹಾಗೇ ಆಯಿತು. ಮೇಷ್ಟ್ರು ಅವತ್ತೂ ರಾತ್ರಿ ಎಂಟಕ್ಕೇ ಫೋನ್ ಮಾಡಿದರು. ‘ನಾನು ನಿಮ್ಮ ಪರ ಹಾಕಿದೆ’ ಅಂದರು. ಸ್ವಲ್ಪ ತಡೆದು, ‘ಆದರೆ ಆ 94 ನೀವು ಹೇಳಬಾರದಿತ್ತು’ ಅಂದರು.

ಆಮೇಲಿನ ವರ್ಷಗಳಲ್ಲಿ ಲಾಬ್‌ಸ್ಟರ್ ಸುದ್ದಿ ನನ್ನನ್ನು ಬಿಡಲಿಲ್ಲ. ಗಲ್ಫ್ ಆಫ್ ಮೇನ್ ಅನ್ನುವ ಈ ಕಡಲು ಜಗತ್ತಿನ ಹೆಚ್ಚಿನ ಸಮುದ್ರಗಳಿಗಿಂತ ಬೇಗ ಬಿಸಿಯಾಗುತ್ತಿದೆ. ಮರಿಗಳು ಕಮ್ಮಿಯಾಗುತ್ತಿವೆ ಅಂತ, ಪೂರ್ವ ತೀರದ ರಾಜ್ಯಗಳೆಲ್ಲ ಸೇರಿರುವ ಆಯೋಗ 2023ರಲ್ಲಿ ಕನಿಷ್ಠ ಅಳತೆಯನ್ನು ಒಂದು ಇಂಚಿನ ಹದಿನಾರನೇ ಒಂದು ಭಾಗ ಏರಿಸುವ ತೀರ್ಮಾನಕ್ಕೆ ಬಂತು. ಉಗುರಿನ ದಪ್ಪದಷ್ಟು. ಅದಕ್ಕೇ ಮೀನುಗಾರರು ಎದ್ದು ನಿಂತರು. ಮುಂದೂಡಿ ಮುಂದೂಡಿ 2025ರಲ್ಲಿ ಅದನ್ನು ಕೈಬಿಟ್ಟರು. ಉಗುರಿನ ದಪ್ಪಕ್ಕೇ ಇಷ್ಟು ಗಲಾಟೆಯಾದರೆ ನಾವು ಒಂಬತ್ತು ಜನ ಕೇಳಿದ್ದು ಸಣ್ಣದೇನಲ್ಲ.

ಬಿಲ್ ಬಿದ್ದ ವರ್ಷದ ಬೇಸಿಗೆಯಲ್ಲೇ ನಾನು ಐದು ಬೋನಿನ ಲೈಸೆನ್ಸ್ ತೆಗೆದುಕೊಂಡೆ. ಗೆಳೆಯನ ಬೋಟಿದೆ, ಪೆಟ್ರೋಲ್ ಅರ್ಧರ್ಧ. ಗ್ಯಾರೇಜಿನಲ್ಲಿ ಕೂತು ನಾನೂ ಮಗಳೂ ಬುರುಡೆಗಳಿಗೆ ಬಣ್ಣ ಹಚ್ಚಿದೆವು. ಯಾವ ಬಣ್ಣ ಅಂತ ಯೋಚಿಸುವ ಪ್ರಶ್ನೆಯೇ ಬರಲಿಲ್ಲ. ಮೇಲೆ ಹಳದಿ, ಕೆಳಗೆ ಕೆಂಪು. ಆ 18 ಮೈಲಿಯ ತೀರದಲ್ಲಿ ಕನ್ನಡ ಬಾವುಟದ ಐದು ಬುರುಡೆ ತೇಲುತ್ತಿದ್ದರೆ ಅವು ನನ್ನವು. ಕೊಕ್ಕೆ ಹಾಕುವಾಗ ಪ್ರತಿ ಸಲ ಯಾವ ಕಡೆಯಿಂದ ಹಾಕಿದೆ ಅಂತ ನೋಡಿಕೊಳ್ಳುತ್ತೇನೆ.

ಮೊದಲ ಸಲ ಎಳೆದಾಗ ಐದು ಬೋನಿನಲ್ಲಿ ಸೇರಿ ಸಿಕ್ಕಿದ್ದು ಮೂರು ಏಡಿ, ಒಂದು ರಾಶಿ ಪಾಚಿ, ಹೆರಿಂಗ್ ಮುಳ್ಳು, ಒಂದೇ ಒಂದು ಲಾಬ್‌ಸ್ಟರ್. ಗೇಜು ಇಟ್ಟೆ. ಕೂದಲೆಳೆಯಷ್ಟು ಕಮ್ಮಿ. ತಿರುಗಿಸಿ ಇನ್ನೊಮ್ಮೆ ಇಟ್ಟೆ. ಗೆಳೆಯ ನನ್ನ ಮುಖ ನೋಡಿದ. ನೀರಿಗೆ ಬಿಟ್ಟೆ, ಬಾಲ ಮಡಿಚಿ ಹಿಂದಕ್ಕೆ ಚಿಮ್ಮಿ ಹೋಯಿತು.

ಜೆಟ್ಟಿಗೆ ಬಂದು ಮನೆಗೆ ಫೋನ್ ಮಾಡಿದೆ. ಹೆಂಡತಿ ಆಗಲೇ ಕಾಯಿ, ಒಣಮೆಣಸು, ಜುಮ್ಮನಕಾಯಿ ಎಲ್ಲ ರುಬ್ಬಿಟ್ಟಿದ್ದಳು. ವಿಷಯ ಕೇಳಿ ಎರಡು ಸೆಕೆಂಡ್ ಸುಮ್ಮನಿದ್ದಳು.

‘ಬರ್ತಾ ಮಾರ್ಕೆಟ್ ಬಾಸ್ಕೆಟ್‌ಗೆ ಹೋಗಿ ಎರಡು ತಗೊಂಡು ಬನ್ನಿ’ ಅಂದಳು. ‘ಮಸಾಲೆ ಹಾಳಾಗತ್ತೆ.’